ಒಳಮಡಿಕೆ

ನಾರ್ತ್ ಸ್ಟೇಷನ್ನಿನ ಫಲಕದಲ್ಲಿ
ಇದ್ದಬದ್ದ ಅಕ್ಷರವನ್ನೆಲ್ಲ ಕೂಡಿಸಿ
ಒಂದನ್ನೂ ಬಿಡದೆ ಓದಿದೆ:
ಬಿಲ್ಲೆರಿಕಾ.
ಕಾಗುಣಿತ ತಿದ್ದಿದ ಬೆರಳಿಗೆ
ಅಷ್ಟೇ ಗೊತ್ತು,
ಬರೆದದ್ದನ್ನು ಓದುವುದು, ಓದಿದ್ದನ್ನು ನಂಬುವುದು.

ಟಿಕೆಟ್ಟಿನವನು ಕಿವಿಗೆ ಕೈ ಕೊಟ್ಟ.
ಮತ್ತೆ ಹೇಳಿದೆ, ಜೋರಾಗಿ, ದೀರ್ಘವನ್ನು ಇನ್ನಷ್ಟು ಎಳೆದು.
ಹಿಂದಿನ ಸೀಟಿನಿಂದ ಯಾರೋ
ಕಾಫಿ ಲೋಟದೊಳಕ್ಕೇ ಹೇಳಿದರು:
ಬಿಲ್ರಿಕ.
ಅಷ್ಟೇ. ಬಾಗಿಲು ತೆಗೆದು ಹಾಕಿದಷ್ಟು ಹೊತ್ತು.

ಡಾಟ್ ಗಿಲ್ಲೂಲಿಯ ಅಂಗಡಿಯಲ್ಲಿ ನನ್ನ ಕೆಲಸ.
ಪ್ಯಾಂಟಿನ ಕಾಲು ಮೋಟು ಮಾಡುವುದು, ಸೊಂಟ ಬಿಡುವುದು,
ಸತ್ತವರ ಕೋಟನ್ನು ಇದ್ದವರ ಹೆಗಲಿಗೆ ಕೂರಿಸುವುದು.
ಡಾಟ್ ಮಾತಾಡುವುದು ಗುಂಡುಸೂಜಿ ಕಚ್ಚಿಕೊಂಡೇ.
ಕಾರಿಗೆ ರ ಇಲ್ಲ, ಪಾರ್ಕಿಗೆ ರ ಇಲ್ಲ,
ಐಡಿಯಾಕ್ಕೆ ಮಾತ್ರ ಎಲ್ಲಿಂದಲೋ ಬಂದು
ಒಂದು ರ ತಗಲಿಕೊಳ್ಳುತ್ತದೆ.
ಬಹಳ ದಿನ ನಾನು
ಸೂಜಿಯಿಂದ ಅಂದುಕೊಂಡಿದ್ದೆ.

ಫೋನಿನಲ್ಲಿ ಯಾರಾದರೂ ಬಿಲ್ಲೆರಿಕಾ ಅಂದರೆ ಸಾಕು
ನನ್ನತ್ತ ನೋಡಿ ಹುಬ್ಬು ಹಾರಿಸುತ್ತಾಳೆ,
ಹೊರಗಿನವರು!
ಆಮೇಲೆ ನೆನಪಾಗಿ
ಮೆಲ್ಲಗೆ ಹುಬ್ಬು ಇಳಿಸುತ್ತಾಳೆ.

"ನಡುವೆ ಒಂದು ಈ ಇದೆಯಲ್ಲ, ಅದೇನಾಯಿತು?"
"ಯಾವ ಈ?" ಅಂದಳು ಡಾಟ್,
ಐವತ್ತು ವರ್ಷ ರಸೀದಿಯ ತಲೆಯಲ್ಲಿ
ಅದನ್ನು ಬರೆದೂ ಬರೆದೂ ಇಟ್ಟವಳು.

ನಗಬೇಡ, ಅಂದುಕೊಂಡೆ ಬಸ್ಸಿನಲ್ಲಿ.
ಚಿಕ್ಕನಾಯಕನಹಳ್ಳಿ. ಎಂಟಕ್ಷರ.
ತಿಪಟೂರು ಸ್ಟ್ಯಾಂಡಿನಲ್ಲಿ ಕಂಡಕ್ಟರ್
ಚಿಕ್ನಾಯ್ಕನಳ್ಳಿ ಚಿಕ್ನಾಯ್ಕನಳ್ಳಿ ಅಂತ
ಐದಕ್ಕೇ ಮುಗಿಸಿ ರೈಟ್ ಅನ್ನುತ್ತಿದ್ದ.
ಹ ಎಲ್ಲಿ ಬಿದ್ದುಹೋಯಿತು ಅಂತ
ಇಳಿದು ಹುಡುಕಿದವರುಂಟೆ?
ತಪಾಸಣೆಗೆ ಬಂದ ಇನ್ಸ್‌ಪೆಕ್ಟರು
ಎಂಟನ್ನೂ ಬಿಡಿಬಿಡಿಯಾಗಿ ಹೇಳಿದಾಗ
ಹಿಂದಿನ ಬೆಂಚು ಕಿಸಕ್ಕಂದಿತು.
ಆ ಬೆಂಚಿನಲ್ಲಿ ನಾನಿದ್ದೆ.

ಊರು, ಅಲ್ಲಿ; ಊರಲ್ಲಿ.
ಮೇಷ್ಟರು ಬೋರ್ಡಿನ ಮೇಲೆ ಉಕಾರ ಹೊಡೆದುಹಾಕಿ
ಲೋಪಸಂಧಿ ಅಂದರು.
ಲೋಪ ಅಂದರೆ ತಪ್ಪಲ್ಲವೇ ಸಾರ್, ಅಂತ ಕೇಳಿ
ಪೀರಿಯಡ್ಡು ಮುಗಿಯುವವರೆಗೆ ನಿಂತಿದ್ದೆ.

ಮೊನ್ನೆ ಫೋನಿನಲ್ಲಿ ಮಾತಾಡುತ್ತ ಅಕ್ಕನಿಗೆ
ನನಗರಿವಿಲ್ಲದೆ ಬಿಲ್ರಿಕ ಅಂದುಬಿಟ್ಟೆನಂತೆ.
"ಅದ್ಯಾವ ಊರೇ? ಯಾವಾಗ ಮನೆ ಬದಲಾಯಿಸಿದೆ?"
ಇಲ್ಲ ಅಂದೆ. ಇದೇ ಮನೆ.
ಅವಳು ನಂಬಿದ ಹಾಗೆ ಕಾಣಲಿಲ್ಲ.

ಸಂಜೆ ಬ್ಯಾಂಡಿನ ಹುಡುಗನೊಬ್ಬನ ಪ್ಯಾಂಟು ಬಂತು,
ಬೇಸಿಗೆ ರಜೆಯಲ್ಲಿ ಉದ್ದವಾಗಿದ್ದಾನೆ.
ಹೊಲಿಗೆ ಬಿಚ್ಚಿದರೆ ಒಳಗೆ ಎರಡಿಂಚು ಬಟ್ಟೆ,
ಬಿಸಿಲು ಕಾಣದ ಕಡುನೀಲಿ.
ಯಾರೂ ಕತ್ತರಿಸಿರಲಿಲ್ಲ.
ಮಡಿಸಿದ್ದರು.
ಸ್ವಲ್ಪ ಹೊತ್ತು ಅದನ್ನು ಬೆರಳಲ್ಲಿ ಹಿಡಿದೇ ಇದ್ದೆ.

ಇವತ್ತು ಬಾಗಿಲ ಗಂಟೆ ಕುಣಿಸಿಕೊಂಡು
ಒಬ್ಬ ಹುಡುಗಿ ಬಂದಳು, ಜುಸ್ಸಾರಾ, ಬ್ರೆಜಿಲ್ಲಿನವಳು,
ತೋಳ ತುಂಬ ಪರದೆ ಬಟ್ಟೆ,
ಚೀಟಿಯ ಮೇಲೆ ಬೆರಳಿಟ್ಟು ಓದಿದಳು:
"ಇದು... ಬಿ-ಲ್ಲೆ-ರೀ-ಕಾ?"

ಡಾಟಳ ಹುಬ್ಬು ಅರ್ಧ ಏರಿತ್ತು.

"ಹೌದು," ಅಂದೆ, "ಬಿಲ್ಲೆರಿಕಾ,"
ಎತ್ವವನ್ನೂ ದೀರ್ಘವನ್ನೂ ಪೂರ್ತಿ ಹಚ್ಚಿ,
ಆ ಮೊದಲ ವಾರದ ಹಾಗೆ.

ಡಾಟ್ ಬಾಯಿಂದ ಸೂಜಿ ತೆಗೆದಳು,
ಒಂದು, ಎರಡು, ಮೂರು,
ಮೇಜಿನ ಮೇಲಿಟ್ಟಳು. ಏನೂ ಹೇಳಲಿಲ್ಲ.

ಕಿಟಕಿ ಎಷ್ಟುದ್ದ, ಕೇಳಿದೆ.
ಹುಡುಗಿ ಕೈ ಚಾಚಿ ತೋರಿಸಿದಳು.
ಟೇಪು ಹಿಡಿದು ಅಳೆದು
ಮಡಿಕೆಗೆ ಅಂತ
ಎರಡಿಂಚು ಸೇರಿಸಿ ಬರೆದುಕೊಂಡೆ.